ದೀಕ್ಷೆ ಕೊಡುವ ಕೈ ಯಾರದು?

ಸೊಲ್ಲಾಪುರದ ಗಡ್ಡಾ ಜಾತ್ರೆಯೆಂದರೆ ಒಂದು ಮದುವೆ. ಸಂಕ್ರಾಂತಿಯ ಹೊತ್ತಿಗೆ ಊರ ಸುತ್ತಿನ 68 ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಮರುದಿನ ಬಿಳಿ ಬಾರಾಬಂದಿ ತೊಟ್ಟ ಗಂಡಸರು 7 ನಂದಿಕೋಲುಗಳನ್ನು ಹೊತ್ತು ಸಮ್ಮತಿ ಕಟ್ಟೆಗೆ ಬರುತ್ತಾರೆ. ಅಲ್ಲಿ ಸಮ್ಮತಿ ಓದಿದ ಮೇಲೆ ಸಿದ್ಧರಾಮೇಶ್ವರರ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ಅಕ್ಷತೆ ಬೀಳುತ್ತದೆ. ಮದುವೆಯಾದರೆ ಸಿದ್ಧರಾಮನನ್ನೇ ಎಂದು ಹಟ ಹಿಡಿದ ಹುಡುಗಿಗೆ ಆ ಯೋಗಿ ತನ್ನ ದಂಡವನ್ನೇ ವರನೆಂದು ಕೊಟ್ಟನೆಂಬುದು ಐತಿಹ್ಯ. ಇಡೀ ಊರು ನೆನೆಯುವುದು ಒಬ್ಬ ಹೆಣ್ಣುಮಗಳ ಭಕ್ತಿಯನ್ನು. ಆದರೆ ಕೋಲು ಹೊರುವುದರಿಂದ ಹಿಡಿದು ವಿಧಿ ನಡೆಸುವವರೆಗೆ ಅಧಿಕಾರದ ಕೆಲಸವೆಲ್ಲ ಗಂಡಸರ ಪಾಲಿಗೆ ಬಂದಿದೆ.

ಈ ಅಂತರವನ್ನು ಜಾತ್ರೆಯಾಚೆಗೂ ಕೇಳಬೇಕಾಗಿದೆ. ಲಿಂಗಾಯತ ಹೆಣ್ಣುಮಗಳು ಲಿಂಗದೀಕ್ಷೆ ಪಡೆಯುತ್ತಾಳೆ, ಅದರಲ್ಲಿ ತಕರಾರಿಲ್ಲ. ಅವಳು ದೀಕ್ಷೆ ಕೊಡಬಹುದೇ? ಮಠದ ಗದ್ದುಗೆ ಏರಬಹುದೇ, ಊರ ಮದುವೆ ಮರಣಗಳನ್ನು ನಡೆಸಬಹುದೇ, ಭಕ್ತರಿಂದ ಪಾದಪೂಜೆ ಸ್ವೀಕರಿಸಬಹುದೇ? ಸೊಲ್ಲಾಪುರ, ಅಕ್ಕಲಕೋಟ ಸೀಮೆಯಲ್ಲಿ ಇದು ಮಠದೊಳಗಿನ ಸಣ್ಣ ವಿಚಾರವಲ್ಲ. ಅಕ್ಕಲಕೋಟ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಹೇಳಿತು, ಅದು ಆಗಲಿಲ್ಲ. ಕಚೇರಿಯ ವ್ಯವಹಾರವೆಲ್ಲ ಮರಾಠಿಯಲ್ಲಿ ನಡೆಯುವ ಈ ಹಳ್ಳಿಗಳಲ್ಲಿ ಶ್ರಾವಣದ ಪುರಾಣ, ಪ್ರವಚನ, ಭಜನೆಗಳ ಮೂಲಕ ಕನ್ನಡ ಉಳಿದಿರುವ ಜಾಗಗಳಲ್ಲಿ ಮಠದ ಅಂಗಳವೂ ಒಂದು. ಮಠಾಧೀಶರ ಮಾತಿಗೆ ಊರಾಚೆಗೂ ತೂಕವಿದೆ: ಅಕ್ಕಲಕೋಟ ತಾಲ್ಲೂಕಿನ ಗೌಡಗಾಂವ ಮಠದ ಜಯಸಿದ್ಧೇಶ್ವರ ಶಿವಾಚಾರ್ಯರು 2019ರಲ್ಲಿ ಸೊಲ್ಲಾಪುರದಿಂದ ಲೋಕಸಭೆಗೇ ಆಯ್ಕೆಯಾದರು. ಇಂಥ ಗದ್ದುಗೆಗೆ ಸಮಾಜದ ಅರ್ಧದಷ್ಟು ಜನ ಅರ್ಹರಲ್ಲವೆಂದರೆ ಅದಕ್ಕೆ ಕಾರಣ ಕೇಳುವುದು ನ್ಯಾಯ.

ಕ್ರೈಸ್ತರಲ್ಲಿ, ಅದರಲ್ಲೂ ಮೆಥಡಿಸ್ಟ್ ಸಭೆಗಳಲ್ಲಿ, ಇದೇ ಪ್ರಶ್ನೆ ಎರಡು ಶತಮಾನ ಕಾಲ ಚರ್ಚೆಯಾಯಿತು. ನಿರ್ಣಯಗಳೆಲ್ಲ ದಾಖಲೆಯಲ್ಲಿ ಉಳಿದಿರುವುದರಿಂದ ಅಲ್ಲಿ ಅಡ್ಡಿ ಎಲ್ಲಿತ್ತೆಂದು ತೋರಿಸುವುದು ಸುಲಭ. ಎರಡನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಕಾಣುವುದು ಇದು: ಹೆಣ್ಣನ್ನು ಗುರುಸ್ಥಾನದಿಂದ ದೂರವಿಟ್ಟದ್ದು ತತ್ವವಲ್ಲ. ತತ್ವ ಎರಡೂ ಕಡೆ ಬಾಗಿಲು ತೆರೆದೇ ಇಟ್ಟಿತ್ತು. ಅವಳ ಅನುಭಾವವನ್ನೂ ಮಾತನ್ನೂ ಒಪ್ಪಿದ ಸಮಾಜಗಳು ಉತ್ತರಾಧಿಕಾರ, ಆಸ್ತಿ, ನೇಮಕ ಎಂಬ ಸಂಸ್ಥೆಯ ಲೆಕ್ಕಗಳಿಗೆ ಬಂದಾಗ ಹಿಂದೆಗೆದವು.

ಸೊನ್ನಲಿಗೆಯಿಂದ ಶೂನ್ಯಸಿಂಹಾಸನಕ್ಕೆ

12ನೆಯ ಶತಮಾನದಲ್ಲಿ ಏನಿತ್ತು ಎಂಬುದರಿಂದಲೇ ವಾದ ಶುರುವಾಗಬೇಕು, ಯಾಕೆಂದರೆ ಎಲ್ಲ ಪಕ್ಷದವರೂ ಅಲ್ಲಿಗೇ ಹೋಗುತ್ತಾರೆ. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಬಸವಣ್ಣ ಮನೆ ಬಿಟ್ಟನೆಂಬ ಕಥೆ ಮನೆಮಾತು. ವಚನ ಬರೆದ ಶರಣೆಯರ ಸಂಖ್ಯೆ 30ನ್ನು ಮೀರುತ್ತದೆ. ಅವರಲ್ಲಿ ಅರಮನೆಯ ನೀಲಾಂಬಿಕೆ ಇದ್ದಾಳೆ, ಅಕ್ಕಿ ಆಯುವ ಲಕ್ಕಮ್ಮ ಇದ್ದಾಳೆ, ಸೂಳೆ ಸಂಕವ್ವೆಯೂ ಇದ್ದಾಳೆ. ಸೊಲ್ಲಾಪುರದವರು ಮರೆಯಬಾರದ ಹೆಸರು ಅಮುಗೆ ರಾಯಮ್ಮನದು. ಗಂಡ ದೇವಯ್ಯನ ಜೊತೆ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ನೇಯ್ಗೆ ಕಾಯಕ ಮಾಡಿಕೊಂಡಿದ್ದಳೆಂದು ಪರಂಪರೆ ಹೇಳುವ ಈಕೆಯ 100ಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ವೇಷ ಹೊತ್ತು ತಿರುಗುವ ಗುರುಗಳನ್ನೂ ಜಂಗಮರನ್ನೂ ಆಕೆ ಎಷ್ಟು ಖಾರವಾಗಿ ತಡೆದು ಕೇಳುತ್ತಾಳೆಂದರೆ, ಗುರುತ್ವದ ಅಳತೆಗೋಲು ಆಕೆಯ ಕೈಯಲ್ಲೇ ಇದ್ದಂತೆ ತೋರುತ್ತದೆ. ಸಿದ್ಧರಾಮನೂ ಹಿಂದೆ ಬಿದ್ದವನಲ್ಲ. ಹೆಣ್ಣೆಂದರೆ ಮಾಯೆ ಎನ್ನುತ್ತಿದ್ದ ಕಾಲದಲ್ಲಿ ಆಕೆ ತನ್ನ ಆರಾಧ್ಯ ಮಲ್ಲಿಕಾರ್ಜುನನ ಪ್ರತ್ಯಕ್ಷ ರೂಪವೇ ಎಂಬ ಅರ್ಥದ ವಚನ ಅವನದು. ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ದೇವರ ದಾಸಿಮಯ್ಯ ಅದಕ್ಕೂ ಮೊದಲೇ ಹೇಳಿಯಾಗಿತ್ತು.

ಇದಕ್ಕಿಂತಲೂ ಗಟ್ಟಿಯಾದ ಆಧಾರ ಸೂತಕದ ನಿರಾಕರಣೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದೂ ಸೂತಕಗಳು ಲಿಂಗವಂತರಿಗಿಲ್ಲ. ಬೇರೆ ಧರ್ಮಗಳಲ್ಲಿ ಹೆಣ್ಣನ್ನು ಗರ್ಭಗುಡಿಯಿಂದ ಹೊರಗಿಡಲು ಮುಂದೆ ಮಾಡುವ ಮೊದಲ ಕಾರಣವೇ ಮುಟ್ಟು. ಆ ಕಾರಣ ಇಲ್ಲಿ ಬುಡದಲ್ಲೇ ಕಡಿದುಹೋಗಿದೆ. ತಿಂಗಳ ಮೂವತ್ತೂ ದಿನ ಇಷ್ಟಲಿಂಗ ಅವಳ ಮೈಮೇಲಿರುತ್ತದೆ, ಅವಳು ಪೂಜಿಸುತ್ತಾಳೆ. ಲಿಂಗವನ್ನು ಧರಿಸಲು ಶುದ್ಧವಾದ ದೇಹ ಲಿಂಗವನ್ನು ಮತ್ತೊಬ್ಬರಿಗೆ ಕೊಡಲು ಮಾತ್ರ ಅಶುದ್ಧವಾಗುತ್ತದೆಂದು ವಾದಿಸುವುದಕ್ಕೆ ಈ ಧರ್ಮದೊಳಗೆ ಜಾಗವಿಲ್ಲ.

ಇಷ್ಟಾದರೂ ಗದ್ದುಗೆಯ ಪಟ್ಟಿ ಬೇರೆಯೇ ಕಥೆ ಹೇಳುತ್ತದೆ. 15ನೆಯ ಶತಮಾನದಲ್ಲಿ ಸಂಕಲನಗೊಳ್ಳತೊಡಗಿದ ಶೂನ್ಯಸಂಪಾದನೆಗಳಲ್ಲಿ ಅಕ್ಕಮಹಾದೇವಿ ಅಲ್ಲಮನ ಪ್ರಶ್ನೆಗಳನ್ನೆಲ್ಲ ಎದುರಿಸಿ ಗೆಲ್ಲುತ್ತಾಳೆ, ಮುಕ್ತಾಯಕ್ಕ ಅವನ ಮಾತಿಗೆ ಮಾತು ಕೊಡುತ್ತಾಳೆ. ಹಿರಿಯರ ಹತ್ತಾರು ವಚನಗಳಿಗೆ ಅಕ್ಕನದೊಂದು ವಚನ ಸಮವೆಂದು ಚೆನ್ನಬಸವಣ್ಣನೇ ತೂಗಿದ್ದಾನೆ. ಆದರೆ ಶರಣರ ಗುರುಪೀಠವಾದ ಶೂನ್ಯಸಿಂಹಾಸನ ಏರಿದವರೆಂದು ಪರಂಪರೆ ಹೇಳುವುದು ಅಲ್ಲಮ, ಚೆನ್ನಬಸವಣ್ಣ, ಸಿದ್ಧರಾಮ ಎಂಬ ಮೂರು ಹೆಸರು. ವಾದದಲ್ಲಿ ಗೆದ್ದವಳು ಕದಳಿಗೆ ಹೋದಳು, ಲಿಂಗದೀಕ್ಷೆಗೆ ತಡವಾಗಿ ಬಂದ ಸೊನ್ನಲಿಗೆಯ ಯೋಗಿ ಪೀಠಕ್ಕೆ ಬಂದ. ಅಕ್ಕನಿಗೆ ಪೀಠದ ಹಂಬಲವಿರಲಿಲ್ಲವೆಂದು ಕೆಲವರು ಹೇಳುತ್ತಾರೆ, ಅದು ನಿಜವೇ. ಅಲ್ಲಮನಿಗೂ ಇರಲಿಲ್ಲ. ಹಂಬಲವಿಲ್ಲದ ಗಂಡನ್ನು ಕರೆದು ಕೂರಿಸಿದ ಪರಂಪರೆ ಹಂಬಲವಿಲ್ಲದ ಹೆಣ್ಣನ್ನು ಹೋಗಗೊಟ್ಟಿತು ಎಂಬುದೇ ಇಲ್ಲಿ ಗಮನಿಸಬೇಕಾದದ್ದು.

ಮಠಗಳು ಬೆಳೆದಂತೆ ಈ ರೂಢಿ ಬಿಗಿಯಾಯಿತು. ಗುರುವರ್ಗದ ಮಠಗಳಲ್ಲಿ ಜಂಗಮ ಮನೆತನದ ಗಂಡುಸಂತಾನಕ್ಕೆ ಅಯ್ಯಾಚಾರವಾಗಿ ಅಧಿಕಾರ ತಂದೆಯಿಂದ ಮಗನಿಗೆ ಇಳಿಯಿತು. ವಿರಕ್ತ ಮಠಗಳಲ್ಲಿ ಎಳೆಯ ವಟುವನ್ನು ಮರಿಯಾಗಿ ತಂದು ಓದಿಸಿ ಮುಂದೆ ಪಟ್ಟ ಕಟ್ಟುವುದು ಪದ್ಧತಿಯಾಯಿತು. 1904ರಲ್ಲಿ ವೀರಶೈವ ಮಹಾಸಭೆ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರ ಆರಂಭಿಸಿದರು. ಓದಿಲ್ಲದ ಮಠಾಧೀಶರ ಬದಲು ಸಂಸ್ಕೃತ, ಯೋಗ, ವಚನ ಬಲ್ಲ ಸ್ವಾಮಿಗಳು ಬಂದದ್ದು ದೊಡ್ಡ ಸುಧಾರಣೆ. ಆದರೆ ಆ ತರಬೇತಿ ಗಂಡುಮಕ್ಕಳಿಗಷ್ಟೇ ಇತ್ತು. ಹೊಸ ಕಾಲದ ಅರ್ಹತೆ ಯಾವ ಶಾಲೆಯಲ್ಲಿ ಸಿಗುತ್ತಿತ್ತೋ ಆ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಅರ್ಹ ಹೆಣ್ಣುಮಕ್ಕಳೇ ಇಲ್ಲವೆಂಬ ಮಾತು ತಾನಾಗಿಯೇ ನಿಜವಾಗುತ್ತ ಹೋಯಿತು.

ಮೆಥಡಿಸ್ಟರು ನಡೆದ ದಾರಿ

ಸೊಲ್ಲಾಪುರ ನಗರಕ್ಕೆ ಪ್ರಾಟೆಸ್ಟೆಂಟ್ ಕ್ರೈಸ್ತಧರ್ಮ ತಂದದ್ದು ಅಮೆರಿಕನ್ ಮರಾಠಿ ಮಿಷನ್. ಪಕ್ಕದ ಬೀದರ, ಕಲಬುರಗಿ ಕಡೆ ಕೆಲಸ ಮಾಡಿದವರು ಅಮೆರಿಕದ ಮೆಥಡಿಸ್ಟರು. ಮೆಥಡಿಸ್ಟ್ ಪಂಥ ಹುಟ್ಟಿದ್ದೇ ಅನುಭವಕ್ಕೆ ಬೆಲೆ ಕೊಟ್ಟು. ಸ್ಥಾಪಕ ಜಾನ್ ವೆಸ್ಲಿಯ ತಾಯಿ ಸುಸಾನಾ, ಗಂಡ ಊರಲ್ಲಿಲ್ಲದಾಗ ಮನೆಯಲ್ಲೇ ಊರವರನ್ನು ಕೂಡಿಸಿ ಪ್ರಾರ್ಥನೆ ನಡೆಸಿದವಳು. 1761ರಲ್ಲಿ ಸಾರಾ ಕ್ರಾಸ್ಬಿ ಸುಮಾರು 200 ಜನರೆದುರು ಮಾತಾಡಬೇಕಾಗಿ ಬಂದಾಗ ವೆಸ್ಲಿ ತಡೆಯಲಿಲ್ಲ. 1771ರಲ್ಲಿ ಮೇರಿ ಬೊಸಾಂಕೆ ಶಾಸ್ತ್ರಾಧಾರ ಕೊಟ್ಟು ಪತ್ರ ಬರೆದ ಮೇಲೆ, ಕೆಲವು ಹೆಂಗಸರಿಗೆ ದೇವರ ವಿಶೇಷ ಕರೆ ಇರುತ್ತದೆಂದು ಒಪ್ಪಿದ. 1787ರಲ್ಲಿ ಸಾರಾ ಮ್ಯಾಲೆಟ್‌ಗೆ ಬೋಧಿಸಲು ಅಧಿಕೃತ ಅನುಮತಿಯೇ ಸಿಕ್ಕಿತು. ವೆಸ್ಲಿ ತೀರಿದ್ದು 1791ರಲ್ಲಿ. 1803ರ ಸಮ್ಮೇಳನ ಹೆಂಗಸರ ಬೋಧನೆಗೆ ಕಡಿವಾಣ ಹಾಕಿ, ಕರೆ ಇದ್ದವಳು ಹೆಂಗಸರೆದುರು ಮಾತ್ರ, ಅದೂ ಅನುಮತಿ ಪಡೆದು ಮಾತಾಡಲಿ ಎಂದಿತು. ಆ 12 ವರ್ಷಗಳಲ್ಲಿ ಬೈಬಲ್ಲು ಬದಲಾಗಿರಲಿಲ್ಲ. ಬೀದಿಯಲ್ಲಿ, ಕೊಟ್ಟಿಗೆಯಲ್ಲಿ ಕೂಡುತ್ತಿದ್ದ ಗುಂಪು ಕಟ್ಟಡ, ಸಂಬಳ, ಸಮಾಜದ ಮಾನ ಇರುವ ಸಭೆಯಾಗಿ ಮಾರ್ಪಟ್ಟಿತ್ತು. ಬಡವರ ನಡುವೆ ಹುಟ್ಟಿದ ಪ್ರಿಮಿಟಿವ್ ಮೆಥಡಿಸ್ಟ್, ಬೈಬಲ್ ಕ್ರಿಶ್ಚಿಯನ್ ಶಾಖೆಗಳು ಹೆಂಗಸರನ್ನು ಊರೂರಿಗೆ ಬೋಧಕರಾಗಿ ಕಳಿಸಿದವು. ಅವೂ ಸ್ಥಿರವಾದಂತೆ ಹೆಂಗಸರ ಹೆಸರು ಪಟ್ಟಿಯಿಂದ ಇಳಿಯಿತು.

ಅಮೆರಿಕದಲ್ಲಿ ಇದೇ ಪ್ರಶ್ನೆ ಇನ್ನೂ ನೇರವಾಗಿ ಬಂತು. 1880ರಲ್ಲಿ ಆನಾ ಆಲಿವರ್, ಆನಾ ಹೋವರ್ಡ್ ಶಾ ಇಬ್ಬರೂ ದೇವಶಾಸ್ತ್ರ ಓದಿ ಮುಗಿಸಿ ಗುರುದೀಕ್ಷೆ ಕೇಳಿದರು. ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ನಿರಾಕರಿಸಿದ್ದಲ್ಲದೆ ಹೆಂಗಸರಿಗಿದ್ದ ಬೋಧನಾ ಪರವಾನಗಿಯನ್ನೂ ಕಿತ್ತುಕೊಂಡಿತು. ಅದೇ ವರ್ಷ ಶಾ ಮೆಥಡಿಸ್ಟ್ ಪ್ರಾಟೆಸ್ಟೆಂಟ್ ಎಂಬ ಚಿಕ್ಕ ಶಾಖೆಯಲ್ಲಿ ದೀಕ್ಷೆ ಪಡೆದಳು. ಇದಕ್ಕೂ ಮುಂಚೆ, 1869ರಲ್ಲಿ, ಅದೇ ಎಪಿಸ್ಕೋಪಲ್ ಸಭೆಯ ಹೆಂಗಸರು ತಮ್ಮದೇ ಮಿಷನ್ ಸಂಘ ಕಟ್ಟಿದ್ದರು. ಅದರ ವತಿಯಿಂದ 1870ರಲ್ಲಿ ಇಸಬೆಲಾ ಥೊಬರ್ನ್ ಮತ್ತು ಡಾಕ್ಟರ್ ಕ್ಲಾರಾ ಸ್ವೇನ್ ಭಾರತಕ್ಕೆ ಬಂದಿದ್ದರು. ಶಾಲೆ, ಆಸ್ಪತ್ರೆ, ಜನಾನಾದೊಳಗೆ ಬೈಬಲ್ ಓದಿ ಹೇಳುವ ಕೆಲಸ ಹೆಂಗಸರಿಗೆ ಸಿಕ್ಕಿತು. ದೀಕ್ಷಾಸ್ನಾನ ಕೊಡುವುದು, ಪ್ರಭುಭೋಜನ ಹಂಚುವುದು ಸಿಗಲಿಲ್ಲ.

1924ರಲ್ಲಿ ಸಭೆ ಹೆಂಗಸರಿಗೆ ಸ್ಥಳೀಯ ಮಟ್ಟದಲ್ಲಿ ದೀಕ್ಷೆ ಕೊಡಲು ಒಪ್ಪಿತು, ಆದರೆ ಗುರುಗಳ ವಾರ್ಷಿಕ ಸಮ್ಮೇಳನದ ಸದಸ್ಯತ್ವ ಕೊಡಲಿಲ್ಲ. ಅವಳಲ್ಲಿ ದೈವೀ ಅರ್ಹತೆ ಇದೆಯೆಂದು ಒಪ್ಪಿಯಾದ ಮೇಲೂ ಉಳಿದ ಅಡ್ಡಿ ಆಡಳಿತದ್ದು: ಸದಸ್ಯನಾದವನಿಗೆ ಬಿಷಪ್ ಒಂದು ಊರು, ಒಂದು ಸಂಬಳ ಖಾತ್ರಿಯಾಗಿ ಕೊಡಲೇಬೇಕು, ಹೆಂಗಸನ್ನು ಯಾವ ಊರು ಒಪ್ಪೀತು ಎಂಬ ಅಳುಕು. 1939ರಲ್ಲಿ ಮೂರು ಶಾಖೆಗಳು ಒಂದಾದಾಗ ಮೆಥಡಿಸ್ಟ್ ಪ್ರಾಟೆಸ್ಟೆಂಟ್ ಹೆಂಗಸರು ತಮಗಿದ್ದ ಪೂರ್ಣ ಹಕ್ಕನ್ನೂ ಕಳೆದುಕೊಂಡರು. ಆ ಹಕ್ಕು ಸಿಕ್ಕಿದ್ದು 1956ರಲ್ಲಿ. ಬ್ರಿಟನ್ನಿನ ಮೆಥಡಿಸ್ಟರು 1974ರಲ್ಲಿ ಮೊದಲ ಬಾರಿ ಹೆಂಗಸರಿಗೆ ದೀಕ್ಷೆ ಕೊಟ್ಟರು. 1980ರಲ್ಲಿ ಅಮೆರಿಕದಲ್ಲಿ ಮಾರ್ಜೊರಿ ಮ್ಯಾಥ್ಯೂಸ್ ಬಿಷಪ್ ಆದಳು. ನಮ್ಮಲ್ಲಿ ಹಳೆಯ ಮೈಸೂರಿನ ವೆಸ್ಲಿಯನ್ ಮೆಥಡಿಸ್ಟರು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿಕೊಂಡರು. ಆ ಸಭೆ 1970ರ ದಶಕದಿಂದ ಹೆಂಗಸರಿಗೆ ದೀಕ್ಷೆ ಕೊಡುತ್ತ ಬಂದು, 2013ರಲ್ಲಿ ನಂದ್ಯಾಲಕ್ಕೆ ಪುಷ್ಪ ಲಲಿತಾ ಅವರನ್ನು ಬಿಷಪ್ ಆಗಿ ಆರಿಸಿತು.

1970ರ ಪಟ್ಟ

ಲಿಂಗಾಯತದಲ್ಲಿ ಈ ಬಾಗಿಲನ್ನು ಎಲ್ಲರಿಗೂ ಕಾಣುವಂತೆ ತೆರೆದವರು ಮಾತೆ ಮಹಾದೇವಿ. 1946ರಲ್ಲಿ ಹುಟ್ಟಿದ ಅವರು 1966ರಲ್ಲಿ ಲಿಂಗಾನಂದ ಸ್ವಾಮಿಗಳಿಂದ ಜಂಗಮದೀಕ್ಷೆ ಪಡೆದು, 1970ರಲ್ಲಿ ಧಾರವಾಡದಲ್ಲಿ ಅಕ್ಕಮಹಾದೇವಿಯ ಹೆಸರಿನ ಪೀಠದ ಜಗದ್ಗುರುವಾದರು. ಬ್ರಿಟನ್ನಿನ ಮೆಥಡಿಸ್ಟರಿಗಿಂತ 4 ವರ್ಷ ಮೊದಲು ನಡೆದ ಮಾತಿದು. ಆಮೇಲೆ ಕೂಡಲಸಂಗಮದ ಶರಣಮೇಳದ ಮೂಲಕ ಅವರ ಪ್ರಭಾವ ಕರ್ನಾಟಕದ ಗಡಿ ದಾಟಿತು. 2019ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪೀಠ ಮಾತೆ ಗಂಗಾದೇವಿಯವರಿಗೆ ಬಂತು. ಹೆಣ್ಣಿನಿಂದ ಹೆಣ್ಣಿಗೆ ಗುರುಪೀಠ ಇಳಿದ ಈ ಘಟನೆಗೆ, ಮೊದಲ ಪಟ್ಟಕ್ಕಿಂತಲೂ ಹೆಚ್ಚಿನ ಮಹತ್ವವಿದೆ ಎಂದು ನನಗನ್ನಿಸುತ್ತದೆ. ಒಬ್ಬಳೇ ಏರಿದರೆ ಅವಳನ್ನು ಅಪರೂಪದವಳೆಂದು ಪಕ್ಕಕ್ಕಿಡಬಹುದು, ಎರಡನೆಯವಳು ಬಂದಾಗ ಅದು ಪರಂಪರೆ.

ಮಾತೆ ಮಹಾದೇವಿಯವರ ಹೆಸರೆತ್ತಿದ ಕೂಡಲೇ ಒಂದು ಆಕ್ಷೇಪ ಬರುತ್ತದೆ. 1990ರ ದಶಕದಲ್ಲಿ ಅವರು ಬಸವಣ್ಣನ ವಚನಗಳ ಅಂಕಿತವನ್ನು ಲಿಂಗದೇವ ಎಂದು ಬದಲಿಸಿ ಪ್ರಕಟಿಸಿದರು. 1998ರಲ್ಲಿ ಕರ್ನಾಟಕ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೆಣ್ಣಿಗೆ ಪೀಠ ಕೊಟ್ಟರೆ ಹೀಗಾಗುತ್ತದೆ ಎಂಬುದು ಆಕ್ಷೇಪದ ಸಾರ. ಅಂಕಿತ ಬದಲಿಸಿದ್ದು ತಪ್ಪೆಂದೇ ನನ್ನ ಅಭಿಪ್ರಾಯ, ಕವಿಯ ಸಹಿಯನ್ನು ಅಳಿಸುವ ಹಕ್ಕು ಯಾವ ಗುರುವಿಗೂ ಇಲ್ಲ. ಆದರೆ ಗಂಡು ಮಠಾಧೀಶರ ಪಟ್ಟದ ಜಗಳಗಳು, ಆಸ್ತಿ ವ್ಯಾಜ್ಯಗಳು ಎಷ್ಟು ಕೋರ್ಟು ಹತ್ತಿದರೂ ಅದರಿಂದ ಗಂಡುಜಾತಿಯೇ ಪೀಠಕ್ಕೆ ಅನರ್ಹವೆಂದು ಯಾರೂ ತೀರ್ಮಾನಿಸಿಲ್ಲ. ಒಬ್ಬ ಗುರುವಿನ ತಪ್ಪನ್ನು ಆ ಗುರುವಿನ ಲೆಕ್ಕಕ್ಕೆ ಬರೆಯಬೇಕು.

ಯಾರು ಏನನ್ನುತ್ತಾರೆ

ಪಂಚಾಚಾರ್ಯ ಪರಂಪರೆಯವರ ನಿಲುವಿಗೆ ಒಂದು ಒಳತರ್ಕವಿದೆ. ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಎಂಬ ಐದು ಪೀಠಗಳಿಂದ ಗೋತ್ರಸೂತ್ರಗಳು ಹರಿದುಬಂದು ಪ್ರತಿ ಊರಿಗೂ ಒಂದು ಗುರುಮನೆ ಇದೆ. ದೀಕ್ಷೆಯ ಅಧಿಕಾರ ವ್ಯಕ್ತಿಯದಲ್ಲ, ಆ ಹರಿವಿನದು. ಊರ ಯಾವ ಮನೆಗೆ ಯಾವ ಮಠ ಎಂಬ ವ್ಯವಸ್ಥೆ ಶತಮಾನಗಳ ಕಾಲ ಹೇಗೆ ಉಳಿಯಿತೆಂಬುದನ್ನು ಈ ನಿಲುವು ಚೆನ್ನಾಗಿ ವಿವರಿಸುತ್ತದೆ. ಹೆಣ್ಣಿನ ವಿಷಯಕ್ಕೆ ಬಂದಾಗ ಮಾತ್ರ ತಡವರಿಸುತ್ತದೆ. ಹುಟ್ಟೇ ಅರ್ಹತೆಯಾದರೆ ಜಂಗಮ ಮನೆಯ ಮಗಳಿಗೂ ಅಣ್ಣನದೇ ಗೋತ್ರವಿದೆ. ಅವಳು ಮದುವೆಯಾಗಿ ಬೇರೆ ಮನೆಗೆ ಹೋಗುತ್ತಾಳೆ, ಮಠ ಕೈತಪ್ಪುತ್ತದೆ ಎಂಬುದೇ ಕೊನೆಗೆ ಉಳಿಯುವ ಉತ್ತರ. ಅದು ಆಗಮದ ಉತ್ತರವಲ್ಲ, ಆಸ್ತಿಪಾಲಿನ ಉತ್ತರ.

ಬಸವತತ್ವವನ್ನು ಮೂಲವೆಂದು ಹಿಡಿಯುವವರು ಹುಟ್ಟಿನ ಜಂಗಮತ್ವವನ್ನೇ ಒಪ್ಪುವುದಿಲ್ಲ. ಅರಿವೇ ಗುರುವಾದಾಗ ಅದಕ್ಕೆ ಸೀರೆ ಧೋತರದ ಭೇದವಿಲ್ಲ ಎನ್ನುತ್ತಾರೆ. ತತ್ವದ ಮಟ್ಟದಲ್ಲಿ ಈ ವಾದವನ್ನು ಕದಲಿಸುವುದು ಕಷ್ಟ. ಆದರೆ ಇಷ್ಟು ಸ್ಪಷ್ಟ ತತ್ವವಿದ್ದೂ ಏಳೆಂಟು ನೂರು ವರ್ಷ ಪೀಠದಲ್ಲಿ ಹೆಣ್ಣು ಯಾಕಿರಲಿಲ್ಲ ಎಂಬುದಕ್ಕೆ ಮಧ್ಯಕಾಲದವರು ಬಸವಣ್ಣನನ್ನು ಮರೆತರು ಎಂಬ ಉತ್ತರ ಸಾಲದು. ಸ್ತ್ರೀವಾದಿ ವಿಮರ್ಶೆ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಶರಣ ಚಳವಳಿ ಹೆಣ್ಣಿಗೆ ಭಕ್ತಿಯ ಸಮಾನತೆ ಕೊಟ್ಟಿತು, ಆದರೆ ಸಂಸಾರ, ಉತ್ತರಾಧಿಕಾರಗಳ ಕಟ್ಟನ್ನು ಅಷ್ಟಾಗಿ ಅಲುಗಿಸಲಿಲ್ಲ, ಚಳವಳಿ ಚದುರಿದ ಮೇಲೆ ಆ ಕಟ್ಟೇ ಮೇಲುಗೈ ಪಡೆಯಿತು. ವೆಸ್ಲಿಯ ನಂತರದ 12 ವರ್ಷಗಳನ್ನು ನೋಡಿದ ಮೇಲೆ ಈ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಗದ್ದುಗೆಯೇ ಬೇಡ ಎನ್ನುವ ಇನ್ನೊಂದು ನಿಲುವಿದೆ. ಸ್ಥಾವರವನ್ನು ನಿರಾಕರಿಸಿದ ಧರ್ಮದಲ್ಲಿ ಪೀಠ, ಕಿರೀಟ, ಪಲ್ಲಕ್ಕಿಗಳೇ ತಪ್ಪಾದಾಗ ಹೆಣ್ಣು ಆ ತಪ್ಪಿನಲ್ಲಿ ಪಾಲು ಕೇಳುವುದೇಕೆ? ಅಕ್ಕನ ಬಳಗಗಳಿವೆ, ಪ್ರವಚನಕ್ಕೆ ಅವಕಾಶವಿದೆ, ಗುಡ್ಡಾಪುರದ ದಾನಮ್ಮನಿಗೆ ಸೊಲ್ಲಾಪುರದಿಂದ ಭಕ್ತರು ನಡೆದುಕೊಂಡು ಹೋಗುತ್ತಾರೆ, ಇದಕ್ಕಿಂತ ಏನು ಬೇಕು? ಈ ಮಾತಿನ ಹಿಂದಿನ ಆಸ್ಥೆಯನ್ನು ನಾನು ಗೌರವಿಸುತ್ತೇನೆ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ ಬದುಕು ಇದಕ್ಕೆ ಪುಷ್ಟಿ ಕೊಡುವಂತೆಯೂ ಕಾಣುತ್ತದೆ. ಮರಾಠಿ ಶಾಲೆಯಲ್ಲಿ ಓದಿ ತಾವಾಗಿ ಕನ್ನಡ ಕಲಿತ ಅವರು ತ್ರಿಪದಿಯಲ್ಲಿ ಸಿದ್ಧರಾಮ ಪುರಾಣ ಬರೆದರು, ವಚನಗಳನ್ನು ಮರಾಠಿಗೆ ಕೊಟ್ಟರು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು. ಪೀಠವಿಲ್ಲದೆಯೇ ಊರ ದೈವದ ಪುರಾಣಕರ್ತೆಯಾದವರು ಅವರು. ಆದರೆ ಪೀಠ ಬೇಡವೆಂಬ ಉಪದೇಶ ಹೆಣ್ಣು ಕೇಳಿದಾಗ ಮಾತ್ರ ಏಳುತ್ತದೆ, ಗಂಡುವಟುವಿಗೆ ಪಟ್ಟ ಕಟ್ಟುವ ದಿನ ಏಳುವುದಿಲ್ಲ. ಪಾದಪೂಜೆಯ ಹೊತ್ತಿಗೆ ಯಾವ ಮನೆಯಲ್ಲಿ ನೋಡಿದರೂ ತಂಬಿಗೆ ತೊಳೆದು, ಪತ್ರೆ ಆಯ್ದು, ವಿಭೂತಿ ತಟ್ಟೆ ಜೋಡಿಸಿ, ಎಡೆ ಅಣಿ ಮಾಡುವವಳು ಮನೆಯಾಕೆ. ಆ ನೀರು ಆಕೆಯ ಕೈಯಿಂದ ಗುರುವಿನ ಪಾದಕ್ಕೆ ಬೀಳಬಹುದು, ಆದರೆ ಹೆಣ್ಣಿನ ಪಾದದ ಮೇಲೆ ಬಿದ್ದ ನೀರನ್ನು ಗಂಡಸು ಪಾದೋದಕವೆಂದು ಸ್ವೀಕರಿಸುವನೇ ಎಂಬುದೇ ಬಾಯಿಬಿಟ್ಟು ಹೇಳದ ಅಡ್ಡಿ. ಪೀಠಗಳೇ ಇಲ್ಲವಾಗುವ ಕಾಲ ಬರಲಿ, ಅಲ್ಲಿಯವರೆಗೆ ಇರುವ ಪೀಠಕ್ಕೆ ಯಾರು ಅರ್ಹರೆಂಬ ಪ್ರಶ್ನೆ ಇದ್ದೇ ಇರುತ್ತದೆ.

ಕೋರ್ಟಿನಲ್ಲಿ

ಪೂಜಾರಿ, ಪಂಡಾ ಮುಂತಾದ ವಂಶಪಾರಂಪರ್ಯದ ಧಾರ್ಮಿಕ ಹುದ್ದೆಗೆ ಹೆಣ್ಣು ವಾರಸುದಾರಳಾಗಬಹುದೆಂದು 1955ರಲ್ಲಿ ರಾಜ್ ಕಾಲಿ ಕುವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೂಜೆಯನ್ನು ಬದಲಿ ವ್ಯಕ್ತಿಯಿಂದ ಮಾಡಿಸಬಹುದು ಎಂಬ ಆಧಾರದ ಮೇಲೆ ಆ ತೀರ್ಪು ನಿಂತಿದೆ. ಹಕ್ಕು ಅವಳದು, ಕ್ರಿಯೆ ಇನ್ನೊಬ್ಬರದು. 1924ರ ಮೆಥಡಿಸ್ಟ್ ನಿರ್ಣಯ ವಿಧಿ ನಡೆಸುವ ಕೈಯನ್ನು ಒಪ್ಪಿ ನೇಮಕ ತಡೆದರೆ, ಇದು ನೇಮಕ ಕೊಟ್ಟು ಕೈಯನ್ನು ಬದಿಗಿರಿಸಿತು. ವಿರಕ್ತ ಮಠಕ್ಕೆ ಈ ತೀರ್ಪು ನೇರವಾಗಿ ಹೊಂದುವುದೂ ಇಲ್ಲ. ಅಲ್ಲಿ ಉತ್ತರಾಧಿಕಾರ ಗುರುವಿನ ನೇಮಕದಿಂದ, ಮಠದ ರೂಢಿಯಿಂದ ನಡೆಯುತ್ತದೆ. ಮಹಾರಾಷ್ಟ್ರದಲ್ಲಿ ನೋಂದಾಯಿತ ಮಠ ಟ್ರಸ್ಟುಗಳು 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಗೆ ಒಳಪಟ್ಟಿವೆ. ವಾರಸುದಾರರು ಬದಲಾದಾಗ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆಯ ವರದಿ ಹೋಗಬೇಕು, ಅಲ್ಲಿ ರೂಢಿಯೂ ಟ್ರಸ್ಟ್ ಪತ್ರವೂ ಪ್ರಶ್ನೆಗೆ ಬರುತ್ತವೆ.

ತೀರದೇ ಉಳಿದದ್ದು

ಹೆಣ್ಣು ಗುರುವಾಗಬಹುದೇ ಎಂಬ ಪ್ರಶ್ನೆಗೆ ತತ್ವದಲ್ಲಿ ಉತ್ತರ ಸಿಕ್ಕಿದೆಯೆಂದೇ ನಾನು ತಿಳಿಯುತ್ತೇನೆ. ಬಗೆಹರಿಯದೆ ಉಳಿದಿರುವುದು ಆಚರಣೆಯ ಮಾತು. ಮಹಿಳಾ ಗುರು ಕೊಟ್ಟ ದೀಕ್ಷೆಯನ್ನು ಬೇರೆ ಮಠ ಮಾನ್ಯ ಮಾಡಬೇಕೇ? ಮೆಥಡಿಸ್ಟರಿಗೆ ನಿರ್ಣಯ ಮಾಡುವ ಒಂದು ಸಮ್ಮೇಳನವಾದರೂ ಇತ್ತು. ಎಲ್ಲ ಮಠಗಳ ಮೇಲೂ ಅಧಿಕಾರವಿರುವ ಸಭೆ ಲಿಂಗಾಯತದಲ್ಲಿಲ್ಲವಾಗಿ, ಇದನ್ನು ಯಾರು ನಿರ್ಧರಿಸಬೇಕೆಂಬುದೇ ತಿಳಿಯದಾಗಿದೆ. ಹೆಂಗಸರಿಗೇ ಪ್ರತ್ಯೇಕ ಪೀಠ ಇರಬೇಕೋ, ಇರುವ ಮಠಗಳ ಪಟ್ಟಕ್ಕೇ ಗಂಡು ಹೆಣ್ಣು ಇಬ್ಬರನ್ನೂ ಪರಿಗಣಿಸಬೇಕೋ ಎಂಬುದು ಎರಡನೆಯದು. ಪ್ರತ್ಯೇಕ ಪೀಠ ಬೇಗ ಸಾಧ್ಯವಾಗುತ್ತದೆ, ಆದರೆ ಹಳೆಯ ಮಠಗಳು ಹಳೆಯ ಹಾಗೆಯೇ ಉಳಿಯಲು ಅದೇ ನೆವವಾಗಬಹುದು. ಗೃಹಸ್ಥ ಜಂಗಮ ಮಠದ ಮಗಳ ಮಾತು ಇನ್ನೂ ತೊಡಕಿನದು: ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಅವಳಿಗೆ ಸಮಪಾಲು ಬಂದಿದೆ, ಊರ ಅಯ್ಯತನದಲ್ಲಿ ಪಾಲಿದೆಯೇ, ಮದುವೆಯಾದ ಮೇಲೂ ಇದೆಯೇ? ಇವೆಲ್ಲಕ್ಕೂ ಮೊದಲು, ವಟುಗಳಿಗೆ ಕಲಿಸುವಷ್ಟೇ ಶಾಸ್ತ್ರ, ವಚನ, ಯೋಗ, ಕ್ರಿಯಾವಿಧಿಗಳನ್ನು ಸೊಲ್ಲಾಪುರ, ಅಕ್ಕಲಕೋಟದ ಹುಡುಗಿಯೊಬ್ಬಳು ಕಲಿಯಬೇಕೆಂದರೆ ಅವಳನ್ನು ಯಾವ ಮಠ ಸೇರಿಸಿಕೊಳ್ಳುತ್ತದೆ?